ಒಬ್ರ ಬಂದೀರೇನು?

ನಿನ್ನೆಯಿಂದ ಆಫೀಸಿನಲ್ಲಿ ಎಲ್ಲರೂ ನನ್ನನ್ನು ಕನಿಕರದಿಂದ ನೋಡುತ್ತಿದ್ದಾರೆ. ಚಹಾದ ಕಪ್ಪು ಹಿಡಿದುಕೊಂಡು ಪಕ್ಕಕ್ಕೆ ಬರುತ್ತಾರೆ. “ಆಯಿತವಾರ ಗುಡ್ಡಕ್ಕ ಹೋಗಿದ್ರಂತಲ್ರಿ, ಒಬ್ರ?” ಹೌದು ಅಂದರೆ ಒಂದು ಗುಟುಕು ಕುಡಿಯುತ್ತಾರೆ. “ಮನ್ಯಾಗ ಎಲ್ಲಾ ಆರಾಮ ಅದಾರಲ್ರಿ?” ಇನ್ನೊಂದು ಗುಟುಕು. “ಸಾಲ ಗೀಲ ಏನರ...?”

ಸಾಲ ಇದೆ. ಯಾರಿಗಿಲ್ಲ? ಸಾಲ ಇದ್ದವರೆಲ್ಲ ಗುಡ್ಡ ಹತ್ತಿದ್ದರೆ ಕೊಪ್ಪಳ ಜಿಲ್ಲೆಯ ಬಯಲಲ್ಲಿ ಒಂದು ನರಪಿಳ್ಳೆಯೂ ಉಳಿಯುತ್ತಿರಲಿಲ್ಲ. ನಾನು ಹೋಗಿದ್ದು ಸುಮ್ನೆ. ಆದರೆ ಈ ಉತ್ತರವನ್ನು ನಮ್ಮ ಕಡೆ ಯಾರೂ ಒಪ್ಪುವುದಿಲ್ಲ.

ಗವಿಮಠದ ಜಾತ್ರೆ ಆಗಷ್ಟೇ ಮುಗಿದಿತ್ತು. ಕೊಪ್ಪಳದಲ್ಲಿ ಮನೆ ಮಾಡಿಕೊಂಡವರಿಗೆ ಇಷ್ಟು ಹೇಳಿದರೆ ಸಾಕು, ಅಲ್ವಾ? ತೇರು ಎಳೆಯುವುದು ಒಂದು ಸಂಜೆ, ನೆಂಟರು ಉಳಿಯುವುದು ವಾರ. ಮಠದ ದಾಸೋಹದಲ್ಲಿ ಲಕ್ಷಗಟ್ಟಲೆ ಜನ ಹೊಟ್ಟೆ ತುಂಬ ಉಣ್ಣುತ್ತಾರೆ. ನಮ್ಮ ನೆಂಟರೂ ಉಣ್ಣುತ್ತಾರೆ. ಆಮೇಲೆ ಮನೆಗೆ ಬಂದು, “ಅರ್ಧ ರೊಟ್ಟಿ ಇದ್ರ ಹಾಕವ್ವಾ” ಅನ್ನುತ್ತಾರೆ. ಆ ವಾರವೆಲ್ಲ ಯಾರಾದರೂ ಬಾಗಿಲು ಬಡಿಯದೆ ನನ್ನ ಸ್ನಾನ ಮುಗಿದದ್ದಿಲ್ಲ. ಕೊನೆಯ ನೆಂಟರನ್ನು ಬಸ್ ಹತ್ತಿಸಿದ ಕೂಡಲೇ ತೀರ್ಮಾನ ಮಾಡಿದೆ: ಈ ಭಾನುವಾರ ಒಂದು ಬಂಡೆ, ಒಂದಿಷ್ಟು ನೆರಳು, ನಾನೊಬ್ಬ.

ಅಂಜನಾದ್ರಿ ಬೇಡ ಅನಿಸಿತು. ಅಲ್ಲಿ 575 ಮೆಟ್ಟಿಲು, ಮೆಟ್ಟಿಲಿಗೊಬ್ಬ ಸೆಲ್ಫಿ ತೆಗೆಯುವವನು. ಪಾಲ್ಕಿಗುಂಡು ಊರಿಗೇ ಅಂಟಿಕೊಂಡಿದೆ, ಓಣಿಯವರು ಕೆಳಗಿನಿಂದಲೇ ಗುರುತು ಹಿಡಿಯುತ್ತಾರೆ. (ಅಶೋಕನಿಗೇ ಅಲ್ಲಿ ಸುಮ್ಮನಿರಲು ಆಗಲಿಲ್ಲ, ಬಂಡೆಯ ಮೇಲೆ ಶಾಸನ ಬರೆಸಿಬಿಟ್ಟ.) ಕೊನೆಗೆ ಗಂಗಾವತಿ ಕಡೆಯ ಹಿರೇಬೆಣಕಲ್ ಗುಡ್ಡ ಅಂತ ಆಯಿತು. ಅಲ್ಲಿ ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲಿನ ಗೋರಿಗಳು ನೂರಾರು ಇವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ಊರವರು ಮೋರ್ಯರ ಮನೆ ಅನ್ನುತ್ತಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಪಟ್ಟಿ ಕಾಯಂ ಆಗಿ ಟೂರಿಸ್ಟ್ ಬಸ್ಸು ಬರುವ ಮೊದಲು ಒಮ್ಮೆ ಹೋಗಿ ಕೂತು ಬರೋಣ ಅಂದುಕೊಂಡೆ.

“ನಾ ಬರಬಾರದಂಥಾದ್ದು ಅಲ್ಲೇನೈತ್ರಿ?” ಅಂದಳು ಹೆಂಡತಿ. ಸಿಟ್ಟಿನಲ್ಲೇ ಬುತ್ತಿ ಕಟ್ಟಿದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ನಾಲ್ಕು ಜನಕ್ಕಾಗುವಷ್ಟು. “ಒಬ್ರಿಗಂತ ಕಟ್ಟಾಕ ನನಗ ಕೈ ಬರಂಗಿಲ್ಲ.”

ಊರ ಹತ್ತಿರ ಬೈಕ್ ನಿಲ್ಲಿಸಿ ಕಾಲುದಾರಿ ಹತ್ತಿದೆ. ಮೇಲೆ ನಿಜಕ್ಕೂ ಯಾರೂ ಇರಲಿಲ್ಲ. ಒಂದು ಗೋರಿಯ ಪಕ್ಕ ನೆರಳು ನೋಡಿ ಬೆಡ್‌ಶೀಟ್ ಹಾಸಿದೆ. ಕಾಲು ಚಾಚಿದೆ. ಕಣ್ಣು ಮುಚ್ಚಿದೆ.

“ಒಬ್ರ ಬಂದೀರೇನು?”

ಹೆಗಲ ಮೇಲೆ ಕಂಬಳಿ, ಕೊರಳಲ್ಲಿ ದಾರ ಕಟ್ಟಿ ತೂಗುಬಿಟ್ಟ ಬಟನ್ ಫೋನು, ಹಿಂದೆ ಒಂದು ಹಿಂಡು ಆಡು. ಆಡು ಕಾಯುವ ತಾತ. ಹೌದು ತಾತಾ ಅಂದೆ. ತಾತ ಎದುರಿಗೇ ಕುಕ್ಕರುಗಾಲಲ್ಲಿ ಕೂತ.

“ಹುಡುಗ್ರು ಹಿಂದ ಬರಾಕ ಹತ್ಯಾರೇನು?”

“ಇಲ್ಲ.”

“ಗಾಡಿ ಕೆಟ್ಟೈತೇನು?”

“ಇಲ್ಲ ತಾತಾ, ಸುಮ್ನ ಬಂದೀನಿ.”

ತಾತ ನನ್ನನ್ನು ನೋಡಿದ, ಗೋರಿ ನೋಡಿದ, ನನ್ನ ಚೀಲ ನೋಡಿದ. ಫೋನ್ ಎತ್ತಿ ನಂಬರ್ ಒತ್ತಿದ. ಆ ಫೋನಿಗೆ ಸ್ಪೀಕರ್ ಬಿಟ್ಟು ಬೇರೆ ದಾರಿ ಇದ್ದಂತಿಲ್ಲ. ನಮ್ಮ ಮನೆಯೊಳಗೆ ಸಿಗ್ನಲ್ ಸಿಗಬೇಕಾದರೆ ಕಿಟಕಿಯಿಂದ ಕೈ ಹೊರಗೆ ಚಾಚಬೇಕು. ಆ ಗುಡ್ಡದ ಮೇಲೆ ಮಾತ್ರ ಕಡ್ಡಿ ಫುಲ್.

“ಇಲ್ಲೊಬ್ಬಾತ ಬಂದಾನ.”

“ಎಷ್ಟ್ ಮಂದಿ?”

“ಒಬ್ಬನ ಅಂತೀನಲೇ!”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ನಿಧಿಯವನಿರಬೇಕು, ಚೀಲ ನೋಡು.”

ತಾತನನ್ನು ದೂರುವಂತಿಲ್ಲ. ನಿಧಿ ಆಸೆಗೆ ಗೋರಿ ಅಗೆಯುವ ಪುಣ್ಯಾತ್ಮರು ನಮ್ಮಲ್ಲಿ ಇದ್ದೇ ಇದ್ದಾರೆ. ನಾನೇ ಚೀಲ ಬಿಚ್ಚಿದೆ. ಬುತ್ತಿ, ನೀರಿನ ಬಾಟಲಿ, ಒಂದು ಪುಸ್ತಕ. ತಳದಲ್ಲಿ ಬಿಸಿಲಿಗೆ ಅಂತ ಹೆಂಡತಿ ತುರುಕಿದ್ದ ಮಡಚುವ ಛತ್ರಿ.

“ಮಷೀನ್ ಸಿಕ್ತು,” ಅಂತ ತಾತ ಫೋನಿಗೆ ಹೇಳಿದ.

“ಮುಟ್ಟಬ್ಯಾಡ!” ಅಂತು ಫೋನು.

ಅಷ್ಟರಲ್ಲಿ ಮುಟ್ಟಾಗಿತ್ತು. ತಾತನ ಹೆಬ್ಬೆಟ್ಟು ಬಟನ್ ಮೇಲೇ ಬಿತ್ತು. ಫಟ್ಟಂತ ಛತ್ರಿ ಬಿಚ್ಚಿಕೊಂಡಿತು. ಗುಲಾಬಿ ಬಣ್ಣ, ಅಂಚಿಗೆಲ್ಲ ಚಿಟ್ಟೆ. ನಮ್ಮ ಮಗಳದು. ಆಡುಗಳು ದಿಕ್ಕಾಪಾಲಾಗಿ ಓಡಿದವು. “ಏನಾತೋ ಯಪ್ಪಾ, ಏನ್ ಹಾರ್ತು?” ಅಂತ ಫೋನು ಒಂದೇ ಸಮ ಕೂಗುತ್ತಿತ್ತು. ಇಬ್ಬರೂ ಸೇರಿ ಆಡು ಒಟ್ಟು ಮಾಡುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಎಲ್ಲಕ್ಕಿಂತ ಹಿಂದೆ ಉಳಿದಿದ್ದ ಒಂದು ಮುದಿ ಆಡು ನನ್ನ ಪುಸ್ತಕದ ಮುನ್ನುಡಿ ಮುಗಿಸಿತ್ತು.

ಆ ಗುಡ್ಡದಲ್ಲಿ ಎತ್ತರದ ಬಂಡೆಯ ಮೇಲೆ ನಗಾರಿಯಂಥದೇ ಒಂದು ಗುಂಡು ಇದೆ. ಕಟ್ಟಿಗೆಯಿಂದ ಬಡಿದರೆ ಒಂದು ಕಿಲೋಮೀಟರ್ ಆಚೆಗೂ ಕೇಳುತ್ತದಂತೆ. ಹಿಂದಿನವರು ಯಾಕೆ ಬಡಿಯುತ್ತಿದ್ದರೋ, ನನಗಂತೂ ಅನುಮಾನವಿಲ್ಲ. ಗುಡ್ಡಕ್ಕೆ ಯಾರೋ ಒಬ್ಬನೇ ಬಂದಿರಬೇಕು.

ಬುತ್ತಿ ಬಿಚ್ಚಿದೆವು. ನಾಲ್ಕು ಜನರ ರೊಟ್ಟಿ ಇಬ್ಬರಿಗೆ ಸರಿಹೋಯಿತು. ಇದನ್ನು ಮನೆಯಲ್ಲಿ ಹೇಳಿಲ್ಲ, ಹೇಳುವುದೂ ಇಲ್ಲ.

ಉಂಡು ತಾತ ಕಂಬಳಿ ಹಾಸಿ ಮಲಗಿದ. ಆಗ ಮಾತ್ರ ಸ್ವಲ್ಪ ಹೊತ್ತು ಗಾಳಿ ಬಿಟ್ಟು ಏನೂ ಇರಲಿಲ್ಲ. ಗೋರಿಯ ಒಂದು ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿ ಇತ್ತು. ಬಗ್ಗಿ ನೋಡಿದೆ. ಒಳಗೆ ತಂಪು, ಒಣ ಎಲೆ, ಆಡಿನ ಹಿಕ್ಕೆ. ಸತ್ತವರನ್ನೂ ಪೂರ್ತಿ ಮುಚ್ಚಿಡಲು ಮನಸ್ಸು ಬಂದಿಲ್ಲ ನೋಡಿ, ಒಂದು ಕಿಂಡಿ ಬಿಟ್ಟಿದ್ದಾರೆ. ನಡುನಡುವೆ ಬಂದು “ಒಬ್ರ ಅದೀರೇನು?” ಅಂತ ಕೇಳಬೇಕಲ್ಲ.

ನಮ್ಮಪ್ಪ ಸಂಜೆ ಹೊಲದ ಬದುವಿನ ಮೇಲೆ ಕತ್ತಲಾಗುವವರೆಗೂ ಕೂತಿರುತ್ತಿದ್ದರು. ಒಬ್ಬರೇ. ಯಾಕೆ ಅಂತ ಯಾರೂ ಕೇಳಿದ್ದು ನಾನು ಕಾಣೆ. ಕೈಯಲ್ಲಿ ಕುಡುಗೋಲು ಇರುತ್ತಿತ್ತು, ಹಾಗಾಗಿ ಅದು ಕೆಲಸದ ಲೆಕ್ಕಕ್ಕೆ ಹೋಗುತ್ತಿತ್ತು. ಅವರು ಅಲ್ಲಿ ಏನು ಯೋಚಿಸುತ್ತಿದ್ದರು ಅಂತ ನಾನೂ ಕೇಳಲಿಲ್ಲ. ಈಗ ಕೇಳೋಣ ಅಂದರೆ ಅವರಿಲ್ಲ, ಹೊಲವೂ ಇಲ್ಲ.

ಹೊರಡುವಾಗ ತಾತನಿಗೆ ಎಚ್ಚರವಾಯಿತು. ಬಿಡಬಾರದು ಅಂತ ಕೇಳಿಯೇಬಿಟ್ಟೆ, “ತಾತಾ, ನೀವೂ ದಿನಾ ಒಬ್ರ ಬರ್ತೀರಲ್ಲ?”

“ನಾನೆಲ್ಲಿ ಒಬ್ಬ? ಇಷ್ಟು ಆಡು ಅದಾವು.”

ನನ್ನ ನಂಬರ್ ಹೇಳಿಸಿಕೊಂಡು ಅಲ್ಲೇ ಮಿಸ್ಡ್ ಕಾಲ್ ಕೊಟ್ಟು ಖಾತ್ರಿ ಮಾಡಿಕೊಂಡ. ಸುದ್ದಿ ನನಗಿಂತ ಮೊದಲು ಗುಡ್ಡ ಇಳಿದಿತ್ತು. ನಮ್ಮ ಆಫೀಸಿನ ಜವಾನನ ಬೀಗರ ಊರು ಅದರ ಪಕ್ಕದ್ದೇ ಅಂತ ನನಗೇನು ಗೊತ್ತು?

ಇಷ್ಟು ಬರೆಯುವಷ್ಟರಲ್ಲಿ ಫೋನ್ ಬಂತು. ಬಿಸಿಲಲ್ಲಿ ಯಾರೋ ಪಾಪದವನು ಆಗಷ್ಟೇ ಬೆಡ್‌ಶೀಟ್ ಹಾಸಿದ್ದಾನಂತೆ.

“ಸರ, ಇಲ್ಲಿ ಇನ್ನೊಬ್ಬಾತ ಬಂದಾನ. ಒಬ್ಬನ. ನಿಮ್ಮವನೇನ್ರಿ?”

“ಅಲ್ಲ ತಾತಾ. ಅವನ ಪಾಡಿಗೆ ಅವನನ್ನ ಬಿಡ್ರಿ.”

“ಹೆಂಗ ಬಿಡೂದ್ರಿ?” ತಾತನಿಗೆ ನನ್ನ ಮೇಲೇ ಬೇಸರವಾಯಿತು. “ಇವನ ಹತ್ರ ಬುತ್ತೀನೂ ಇಲ್ಲ!”