ನಲ್ಲಿಯ ಟೇಪು, ಅಪ್ಪನ ಪೆನ್ನು

ನನ್ನ ಎಲೆಕ್ಟ್ರಿಕ್ ಗಿಟಾರಿನ ಟ್ರೆಮೊಲೊ ಆರ್ಮ್, ಅಂದರೆ ಸ್ವರವನ್ನು ತೂಗಾಡಿಸುವ ಹಿಡಿ, ಸುಮಾರು ಎರಡು ತಿಂಗಳಿನಿಂದ ಸೋತ ಕೈಯಂತೆ ಜೋತುಬಿದ್ದಿತ್ತು. ಅದನ್ನು ಒತ್ತಿದರೆ ತಂತಿಗಳನ್ನು ಹೊತ್ತ ಬ್ರಿಡ್ಜ್ ಮುಂದಕ್ಕೆ ವಾಲಿ ತಂತಿಗಳು ಸಡಿಲಗೊಂಡು ಸ್ವರ ಇಳಿಯಬೇಕು, ಬಿಟ್ಟರೆ ಗಿಟಾರಿನ ಬೆನ್ನೊಳಗಿನ ಸ್ಪ್ರಿಂಗುಗಳು ಎಲ್ಲವನ್ನೂ ಸ್ವಸ್ಥಾನಕ್ಕೆ ಎಳೆದು ತರಬೇಕು. ನನ್ನದು ಒತ್ತಿದಾಗ ಮೊದಲು ತಾನು ‘ಟಕ್’ ಎನ್ನುತ್ತಿತ್ತು, ಆಮೇಲೆ ಮನಸ್ಸಾದರೆ ಸ್ವರ ಇಳಿಸುತ್ತಿತ್ತು.

ಈ ಸಾಧನಕ್ಕೆ ಹೆಸರಿಡುವಾಗಲೇ ಎಡವಟ್ಟಾಗಿದೆ. ಟ್ರೆಮೊಲೊ ಎಂದರೆ ನಾದದ ಗಟ್ಟಿತನ ಏರಿಳಿಯುವುದು. ಸ್ವರವೇ ತೂಗಾಡುವುದಕ್ಕೆ ವೈಬ್ರಾಟೊ ಎನ್ನಬೇಕು. ಆದರೆ 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಗಿಟಾರನ್ನು ಮಾರುಕಟ್ಟೆಗೆ ತಂದ ಲಿಯೊ ಫೆಂಡರ್ ಟ್ರೆಮೊಲೊ ಎಂದರು, ಜಗತ್ತು ಹಾಗೆಯೇ ಕರೆಯುತ್ತಾ ಬಂತು. ವೀಣೆಯ ಕಛೇರಿಗಳನ್ನು ಕೇಳಿ ಬೆಳೆದ ನಮ್ಮ ತಂದೆಯವರಿಗೆ ಇಷ್ಟನ್ನೂ ವಿವರಿಸಿದಾಗ ಅವರು, “ಗಮಕಕ್ಕೂ ಹಿಡಿ ಬೇಕಾಯಿತೇನೋ?” ಎಂದಷ್ಟೇ ಕೇಳಿ ಪತ್ರಿಕೆಯತ್ತ ತಿರುಗಿದರು.

ಆರ್ಮ್ ಹೀಗಾದದ್ದಕ್ಕೆ ತಪ್ಪು ನನ್ನದೇ ಆಗಿತ್ತು. ಗಿಟಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಾಗ ಅದಕ್ಕೆ ಆರ್ಮೇ ಇರಲಿಲ್ಲವಾದ್ದರಿಂದ ಬೇರೆಯಾಗಿ ಒಂದನ್ನು ತರಿಸಿದ್ದೆ. ಆರ್ಮನ್ನು ತಿರುಗಿಸಿ ಕೂರಿಸುವ ಗಿಟಾರಿನ ರಂಧ್ರದ ಮರೆ, ಅಂದರೆ ಸ್ಕ್ರೂವಿನ ಸುತ್ತು, 5 ಮಿ.ಮೀ. ಮೆಟ್ರಿಕ್ ಅಳತೆಯದು, ಬಂದ ಆರ್ಮಿನದು ಅಮೆರಿಕದ ಇಂಚಿನ ಲೆಕ್ಕದ್ದು, ಅಂದರೆ ಸುಮಾರು 4.83 ಮಿ.ಮೀ. ಎರಡರ ಸುತ್ತುಗಳ ಅಂತರ ಬಹುತೇಕ ಒಂದೇ ಆದ್ದರಿಂದ ಅದು ಯಾವ ತಕರಾರೂ ಇಲ್ಲದೆ ಒಳಗೆ ಹೋಯಿತು; ಹೋದ ಮೇಲೆ ದೊಡ್ಡಣ್ಣನ ಅಂಗಿ ತೊಟ್ಟ ತಮ್ಮನಂತೆ ಅಲ್ಲಾಡತೊಡಗಿತು.

ಇದಕ್ಕೆ ಗಿಟಾರಿಗರು ಮಾಡುವ ಉಪಾಯವೆಂದರೆ ನಲ್ಲಿ ಸೋರದಂತೆ ಸುತ್ತುವ ಟೆಫ್ಲಾನ್ ಟೇಪನ್ನು ಆರ್ಮಿನ ಮರೆಗೆ ಸುತ್ತುವುದು. ಹಾರ್ಡ್‌ವೇರ್ ಅಂಗಡಿಯವರು “ನಲ್ಲಿ ಅರ್ಧ ಇಂಚಿಂದಾ, ಮುಕ್ಕಾಲಿಂದಾ?” ಎಂದು ಕೇಳಿದರು. ಗಿಟಾರಿಗೆ ಎನ್ನಲು ಬಾಯಿ ಬರದೆ “ಅರ್ಧ” ಎಂದು, ಇಲ್ಲದ ನಲ್ಲಿಯ ಸೋರಿಕೆಯನ್ನೂ ಸ್ವಲ್ಪ ವರ್ಣಿಸಿ ಬಂದೆ. ಮೊದಲ ಸಲ ಟೇಪನ್ನು ಉಲ್ಟಾ ಸುತ್ತಿದ್ದರಿಂದ, ಆರ್ಮನ್ನು ತಿರುಗಿಸುತ್ತಾ ಹೋದಂತೆ ಅದೆಲ್ಲ ಬಿಚ್ಚಿಕೊಂಡು ರಂಧ್ರದ ಬಾಯಲ್ಲಿ ಸಿಕ್ಕುಬಿದ್ದ ಜನಿವಾರದ ಹಾಗೆ ಗುಪ್ಪೆಯಾಯಿತು. ಮರೆಯ ತುದಿಯನ್ನು ನಮ್ಮ ಕಡೆಗೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತಬೇಕೆಂಬುದು ಆಗ ತಿಳಿಯಿತು. ಎರಡನೆಯ ಸಲ ಉತ್ಸಾಹದಲ್ಲಿ ಎಂಟು ಸುತ್ತು ಹಾಕಿದೆ, ಆರ್ಮ್ ಅರ್ಧದಲ್ಲೇ ಕಚ್ಚಿಕೊಂಡು ಕೂತಿತು. ಮೂರೇ ಸುತ್ತು ಸಾಕಾಗಿತ್ತು.

ಅಲ್ಲಾಟ ನಿಂತರೂ ‘ಟಕ್’ ಎಂಬ ಸದ್ದು ಅಷ್ಟಿಷ್ಟು ಉಳಿಯಿತು. ಅದಕ್ಕೂ ಮದ್ದಿದೆ: ರಂಧ್ರದ ತಳಕ್ಕೆ ಒಂದು ಪುಟ್ಟ ಸ್ಪ್ರಿಂಗ್ ಇಳಿಸಿದರೆ ಅದು ಆರ್ಮನ್ನು ಮೇಲಕ್ಕೆ ಒತ್ತಿ ಹಿಡಿದು ಮರೆಗಳ ನಡುವಿನ ಸಡಿಲವನ್ನು ತೆಗೆಯುತ್ತದೆ. ಬಾಲ್‌ಪೆನ್ನಿನದು ಸರಿಹೊಂದುತ್ತದೆಂದು ಕೇಳಿದ್ದೆ. ಮೇಜಿನ ಮೇಲಿದ್ದ ಒಂದು ಪೆನ್ನನ್ನು ಬಿಚ್ಚಿ, ಸ್ಪ್ರಿಂಗನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದೆ. ಒಂದು ತುಂಡು ಕಿಟಕಿಯಾಚೆಗೆ ಹಾರಿತಾದರೂ ಅದೃಷ್ಟಕ್ಕೆ ಬೇಕಾದ ತುಂಡು ಕೈಯಲ್ಲೇ ಉಳಿಯಿತು. ಪೆನ್ನನ್ನು ಮೊದಲಿನಂತೆಯೇ ಜೋಡಿಸಿ ಇಟ್ಟೆ. ಆ ಸಂಜೆ ಆರ್ಮ್ ನಿಲ್ಲಿಸಿದ ಕಡೆ ನಿಂತಿತು, ಒತ್ತಿದರೆ ಸದ್ದಿಲ್ಲದೆ ಸ್ವರ ಇಳಿಸಿತು. ಅಪ್ಪ ಕೂಡ ಒಂದು ಕ್ಷಣ ಪತ್ರಿಕೆಯಿಂದ ತಲೆಯೆತ್ತಿದರು.

ಅದು ನವೆಂಬರ್ ತಿಂಗಳು. ಮರುದಿನ ಅಪ್ಪ ಪಿಂಚಣಿಯ ಜೀವಿತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗಿ ಮಧ್ಯಾಹ್ನ ಮರಳಿದವರು, ಚಪ್ಪಲಿ ಬಿಡುವ ಮೊದಲೇ ಜೇಬಿನಿಂದ ಪೆನ್ನು ತೆಗೆದು ನನ್ನ ಮುಂದೆ ಹಿಡಿದರು. “ಸಹಿ ಹಾಕೋಕೆ ಕಾಗದಕ್ಕೆ ಒತ್ತಿದ್ರೆ ಇದರ ಮುಳ್ಳು ಒಳಕ್ಕೆ ಓಡುತ್ತೆ ಕಣೋ. ಮೂರು ಸಲ ಹಾಗಾದ ಮೇಲೆ ಆ ಹುಡುಗಿ, ‘ಸರ್, ನೀವು ಬದುಕಿದ್ದೀರಿ ಅಂತ ನಾನು ನಂಬ್ತೀನಿ, ನನ್ನ ಪೆನ್ನು ತಗೊಳ್ಳಿ’ ಅಂದ್ಲು.”