ಒಗ್ಗುವ ಪಾಸ್ತಾ, ‘ಭಾರತೀಕರಿಸಿದ’ ಪಾಸ್ತಾ

ಹೋದ ತಿಂಗಳು ಆಹಾರ ಕಂಪನಿಯೊಂದರ ಪೊಟ್ಟಣದ ಮೇಲಿನ ಬರಹವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮುಂಬೈ ಪಕ್ಕದ ಡೊಂಬಿವಲಿಯ ಮನೆಯಲ್ಲಿ ಕುಳಿತು ಹದಿನೆಂಟು ವರ್ಷಗಳಿಂದ ಇಂಥ ಸಣ್ಣಪುಟ್ಟ ಅನುವಾದಗಳನ್ನು ಮಾಡುತ್ತ ಬಂದಿರುವ ನಾನು ಪಾಸ್ತಾ ಬೇಯಿಸುವ ವಿಧಾನವನ್ನು ಅರ್ಧ ಗಂಟೆಯಲ್ಲಿ ಮುಗಿಸಿ, ‘ಇಂಡಿಯನೈಸ್’ ಎಂಬ ಒಂದೇ ಕ್ರಿಯಾಪದದ ಮುಂದೆ ಎರಡು ದಿನ ಕುಳಿತೆ ಎಂದರೆ ನಗುವವರಿದ್ದಾರೆ. ಈ ಇಟಾಲಿಯನ್ ತಿನಿಸನ್ನು ‘ಇಂಡಿಯನೈಸ್’ ಮಾಡಲಾಗಿದೆ ಎಂದು ಮೂಲದಲ್ಲಿತ್ತು. ನಾನು ‘ಭಾರತೀಕರಿಸಲಾಗಿದೆ’ ಎಂದು ಬರೆದು ಕಳುಹಿಸಿದೆ. ಮರುದಿನ ಅದು ಕೆಂಪು ಗೆರೆ ಹೊತ್ತು ವಾಪಸು ಬಂತು. ‘ಮೇಡಂ, ಇದು ತಿಂಡಿಯ ಪೊಟ್ಟಣ. ಚುನಾವಣಾ ಭಾಷಣದ ಹಾಗೆ ಕೇಳಿಸುತ್ತಿದೆ’ ಎಂದು ಆ ಕಡೆಯ ಹುಡುಗ ಟಿಪ್ಪಣಿ ಹಾಕಿದ್ದ. ಮೊದಲು ಸಿಟ್ಟು ಬಂತು. ಸಂಜೆಯ ಹೊತ್ತಿಗೆ ಅವನ ಕಿವಿ ಸರಿಯಾಗಿಯೇ ಇದೆ ಎನ್ನಿಸಿತು.

ಸಂಸ್ಕೃತ ವ್ಯಾಕರಣದಲ್ಲಿ ‘ಚ್ವಿ’ ಎಂಬ ಪ್ರತ್ಯಯವಿದೆ. ಮೊದಲು ಹಾಗಿಲ್ಲದಿದ್ದುದು ಈಗ ಹಾಗಾಯಿತು ಎಂಬ ಅರ್ಥದಲ್ಲಿ ಅದು ಬರುತ್ತದೆ. ‘ಏಕೀಕರಣ’, ‘ಶುದ್ಧೀಕರಣ’ ಮೊದಲಾದ ಪದಗಳ ನಡುವಿನ ಆ ದೀರ್ಘ ಈಕಾರ ಅದರದೇ ಗುರುತು. ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು 1956ರಲ್ಲಿ ಒಂದಾದುದನ್ನು ಏಕೀಕರಣ ಎನ್ನುವಾಗ, ಅದಕ್ಕೆ ಮುಂಚೆ ಅದು ಒಂದಾಗಿರಲಿಲ್ಲ ಎಂಬ ಮಾತೂ ಆ ಪದದ ಹೊಟ್ಟೆಯಲ್ಲೇ ಇದೆ. ಹಾಗೆಯೇ ಒಂದನ್ನು ಭಾರತೀಕರಿಸಬೇಕು ಎಂದರೆ ಅದು ಇನ್ನೂ ಭಾರತೀಯವಾಗಿಲ್ಲ ಎಂದು ಒಪ್ಪಿಕೊಂಡಂತೆ. ಪಾಸ್ತಾದ ಮಟ್ಟಿಗೆ ಇದರಿಂದ ಯಾರಿಗೂ ನೋವಿಲ್ಲ. ಆದರೆ 1970ರ ಸುಮಾರಿಗೆ ಜನಸಂಘದ ಬಲರಾಜ ಮಧೋಕರು ಮುಸಲ್ಮಾನರ ಭಾರತೀಕರಣದ ಮಾತೆತ್ತಿದಾಗ ಎದ್ದ ವಿವಾದದ ಬೇರು ರಾಜಕೀಯದಲ್ಲಿ ಇದ್ದಷ್ಟೇ ಈ ಈಕಾರದಲ್ಲೂ ಇತ್ತು ಎಂದು ನನ್ನ ಅಭಿಪ್ರಾಯ.

ಸ್ವಾತಂತ್ರ್ಯಕ್ಕೆ ಮುಂಚೆ ಈ ಪದ ಸಂಸ್ಕೃತಿಗಿಂತ ಹೆಚ್ಚಾಗಿ ನೌಕರಿಗೆ ಅಂಟಿಕೊಂಡಿತ್ತು. ಸೈನ್ಯದ ಭಾರತೀಕರಣ, ನಾಗರಿಕ ಸೇವೆಯ ಭಾರತೀಕರಣ ಎಂದರೆ ಬಿಳಿಯ ಅಧಿಕಾರಿ ಕುಳಿತಿದ್ದ ಕುರ್ಚಿಯಲ್ಲಿ ಭಾರತೀಯನು ಕುಳಿತುಕೊಳ್ಳುವುದು. ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮಹಾದಂಡನಾಯಕರಾದಾಗ ಆ ಅರ್ಥದ ಭಾರತೀಕರಣ ತುತ್ತತುದಿಯನ್ನು ಮುಟ್ಟಿತು. ಅಲ್ಲಿ ಪದ ಚೊಕ್ಕವಾಗಿ ಕೂರುತ್ತದೆ, ಏಕೆಂದರೆ ಮಾಡುವ ಸರಕಾರವಿದೆ, ಮಾಡಿಸಿಕೊಳ್ಳುವ ಹುದ್ದೆಯಿದೆ.

‘ರಾಷ್ಟ್ರೀಕರಿಸು ಎನ್ನಬಾರದೇ?’ ಎಂದು ಗೆಳತಿಯೊಬ್ಬಳು ಕೇಳಿದಳು. ಆ ಪದವನ್ನು 1969ರಲ್ಲಿ ಹದಿನಾಲ್ಕು ಬ್ಯಾಂಕುಗಳು ಹೊತ್ತುಕೊಂಡು ಹೋದವು; ಅವುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ನಮ್ಮ ಕರಾವಳಿಯಲ್ಲಿ ಹುಟ್ಟಿದವು. ಪಾಸ್ತಾವನ್ನು ರಾಷ್ಟ್ರೀಕರಿಸಿದರೆ ಅದನ್ನು ಪಡಿತರ ಅಂಗಡಿಯಿಂದ ತರಬೇಕಾದೀತು.

ಚ್ವಿಯ ಜೊತೆಗೆ ‘ಮಾಡು’ ಎಂಬರ್ಥದ ಧಾತು ಬರುವಂತೆ ‘ಆಗು’ ಎಂಬರ್ಥದ ಧಾತುವೂ ಬರುತ್ತದೆ. ಯಂತ್ರ ಹಾಲನ್ನು ಘನೀಕರಿಸುತ್ತದೆ, ಚಳಿಗೆ ತುಪ್ಪ ತಾನಾಗಿಯೇ ಘನೀಭವಿಸುತ್ತದೆ. ಸಂಸ್ಕೃತಿಯ ವಿಷಯಕ್ಕೆ ಬಂದಾಗ ಮಾತ್ರ ನಾವು ‘ಕರಿಸು’ವಿಗೇ ಜೋತುಬಿದ್ದಿದ್ದೇವೆ. ಮೈಸೂರಿನಲ್ಲಿ ಹುಟ್ಟಿ, ಇದೇ ಮುಂಬೈ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಜ್ಞ ಘುರ್ಯೆಯವರ ಶಿಷ್ಯರಾಗಿದ್ದ ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟವಾದ ಕೊಡವರ ಕುರಿತ ಗ್ರಂಥದಲ್ಲಿ ಬಳಸಿದ ಪದವನ್ನು ನಾವು ‘ಸಂಸ್ಕೃತೀಕರಣ’ ಎಂದು ಕನ್ನಡಕ್ಕೆ ತಂದುಕೊಂಡೆವು. ಆದರೆ ಅವರು ಹೇಳಿದ್ದು ಕೆಳಗಿನ ಜಾತಿಗಳು ಮೇಲಿನವರ ಆಚಾರ, ಊಟ, ಪೂಜೆಗಳನ್ನು ತಾವಾಗಿಯೇ ಎತ್ತಿಕೊಳ್ಳುವ ಬಗೆಯನ್ನು. ಯಾರೂ ಯಾರನ್ನೂ ಕರಿಸುತ್ತಿಲ್ಲ. ಕನ್ನಡದ ‘ಕೊಳ್ಳು’ ಇಲ್ಲಿ ಬಹಳ ನೆರವಾಗುತ್ತದೆ: ಸಂಸ್ಕೃತೀಕರಿಸಿಕೊಳ್ಳು ಎಂದರೆ ಉದ್ದವಾಯಿತು ನಿಜ, ಆದರೆ ಕರ್ತೃ ಯಾರೆಂಬುದು ಸ್ಪಷ್ಟವಾಯಿತು.

ಇಷ್ಟೆಲ್ಲ ತಲೆಯಲ್ಲಿ ಸುತ್ತುತ್ತಿರುವಾಗಲೇ ಪಕ್ಕದ ಮನೆಯ ಕುಂದಾಪುರದ ಅಕ್ಕ ಒಂದು ಬಟ್ಟಲು ಪಾಸ್ತಾ ತಂದುಕೊಟ್ಟರು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ; ಮೇಲೆ ಹಸಿ ಕಾಯಿತುರಿ, ಅರ್ಧ ಲಿಂಬೆ. ಇದೇನಕ್ಕ ಎಂದು ಕೇಳಿದ್ದಕ್ಕೆ, ‘ಶಾವಿಗೆ ಉಪ್ಪಿಟ್ಟಿನ ತಮ್ಮ ಅಂತ ತಿಳ್ಕೊ. ಮಕ್ಕಳಿಗೆ ಒಗ್ಗಿದೆ ಮಾರಾಯ್ತಿ’ ಎಂದರು. ಒಗ್ಗರಣೆಗೂ ಒಗ್ಗುವುದಕ್ಕೂ ನಂಟಿದೆಯೆಂದು ನಾನು ಹೇಳಹೊರಟಿಲ್ಲ, ಆದರೆ ಆ ಬಟ್ಟಲನ್ನು ನೋಡಿದ ಮೇಲೆ ‘ಒಗ್ಗು’ ಎಂಬ ಪದ ನನ್ನನ್ನು ಬಿಡಲಿಲ್ಲ.

ಮದುವೆಯಾಗಿ ನಾನು ಇಲ್ಲಿಗೆ ಬಂದ ಹೊಸತರಲ್ಲಿ ಅಮ್ಮನ ಪ್ರತಿ ಪತ್ರದಲ್ಲೂ ‘ಬೊಂಬಾಯಿಯ ನೀರು ಒಗ್ಗಿತೇ?’ ಎಂಬ ಪ್ರಶ್ನೆಯಿರುತ್ತಿತ್ತು. ಆ ವಾಕ್ಯದ ಕರ್ತೃ ನೀರು. ನಾನು ಚತುರ್ಥಿ ವಿಭಕ್ತಿಯಲ್ಲಿ, ‘ನನಗೆ’ ಎಂದು ಒಂದು ಬದಿಗೆ ಕುಳಿತವಳು. ಎರಡು ಮಳೆಗಾಲ ಕಳೆದ ಮೇಲೆ ‘ನಾನು ಈ ಊರಿಗೆ ಒಗ್ಗಿದೆ’ ಎಂದು ಬರೆದೆ; ಈಗ ಕರ್ತೃ ನಾನು, ಊರು ಚತುರ್ಥಿಯಲ್ಲಿ. ಎರಡೂ ಶುದ್ಧ ಕನ್ನಡವೇ. ಯಾರು ಯಾರಿಗಾಗಿ ಬದಲಾದರು ಎಂಬ ಲೆಕ್ಕವನ್ನು ಈ ಕ್ರಿಯಾಪದ ಕೇಳುವುದಿಲ್ಲ, ಎರಡೂ ಕಡೆಯಿಂದ ಬಾಗಿಲು ತೆರೆದಿಟ್ಟಿರುತ್ತದೆ. ಮಾಟುಂಗಾದ ಉಡುಪಿ ಹೋಟೆಲುಗಳ ಸಾಂಬಾರಿನ ರುಚಿ ಗಿರಾಕಿಗಳಿಗೆ ಒಗ್ಗಿತು ಎಂದರೂ, ಗಿರಾಕಿಗಳು ಅದಕ್ಕೆ ಒಗ್ಗಿದರು ಎಂದರೂ ಸುಳ್ಳಾಗುವುದಿಲ್ಲ. ಪೋರ್ಚುಗೀಸರಿಂದ ಬಂದ ಪಾವ್ ಬಟಾಟೆವಡೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಇಂದು ಮುಂಬೈಯ ಗುರುತೇ ಆಗಿ ನಿಂತಿದೆ. ಆ ಬಟಾಟೆಯ ಹೆಸರೂ ಪೋರ್ಚುಗೀಸರದೇ. ಪಾವನ್ನು ಭಾರತೀಕರಿಸಿದವರು ಯಾರು ಎಂದು ಕೇಳಿದರೆ ತೋರಿಸಲು ಒಬ್ಬ ಮನುಷ್ಯನೂ ಸಿಗುವುದಿಲ್ಲ.

ಕಂಪನಿಯ ಅಡುಗೆಮನೆಯಲ್ಲಿ ಬೇಕೆಂದೇ ಮಸಾಲೆ ಬದಲಿಸಿದ್ದಾರೆ, ಆದ್ದರಿಂದ ಬರಿಯ ‘ಒಗ್ಗು’ ಅಲ್ಲಿ ಸಾಲದು, ಪ್ರೇರಣಾರ್ಥಕವೇ ಬೇಕು. ‘ನಮ್ಮ ನಾಲಿಗೆಗೆ ಒಗ್ಗಿಸಿದ ಪಾಸ್ತಾ’ ಎಂದು ತಿದ್ದಿ ಕಳುಹಿಸಿದೆ. ಕ್ರಿಯಾಪದವನ್ನು ಹುಡುಗ ಒಪ್ಪಿದ. ಈ ಸಲ ಕೆಂಪು ಗೆರೆ ‘ನಮ್ಮ’ ಎಂಬ ಪದದ ಕೆಳಗಿತ್ತು: ‘ಯಾರ ನಾಲಿಗೆ ಮೇಡಂ? ಇದರಲ್ಲಿ ಮರಾಠಿಗರ ಗೋಡಾ ಮಸಾಲೆ ಇದೆ.’