ಎಲ್ಲ ನದಿಗಳೂ ಯಾಕೆ ಅಳಬೇಕು?

ಜೂನ್ 5 ಬಂತೆಂದರೆ ಪರಿಸರ ಕವಿತೆಗಳು ಸಾಲುಸಾಲಾಗಿ ಬರುತ್ತವೆ. ಓದಲು ಕೂತರೆ ನದಿ ಅಳುತ್ತದೆ, ಬೆಟ್ಟ ಅಳುತ್ತದೆ, ಭೂಮಿತಾಯಿ ಕಣ್ಣೀರು ಹಾಕುತ್ತಾಳೆ. ಬರೆದವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ನದಿ ಅನ್ನೋ ಕಡೆ ಬೆಟ್ಟ ಅಂತ ತಿದ್ದಿದರೂ ಕವಿತೆ ಹಾಗೇ ನಡೆಯುತ್ತದೆ. ಅಂದಮೇಲೆ ನದಿಗೆ ಜೀವ ಬಂದಿಲ್ಲ, ಅಲ್ವಾ?

ಈ ಕೆಲಸವನ್ನು ನಮ್ಮ ಹಳ್ಳಿಯ ಹೆಂಗಸರು ಎಷ್ಟೋ ಚೆನ್ನಾಗಿ ಮಾಡಿದ್ದಾರೆ. ತುಳುನಾಡಿನ ಕೆಡ್ಡಸ ಹಬ್ಬ ನೋಡಿ. ಫೆಬ್ರವರಿ ಹೊತ್ತಿಗೆ ಭೂಮಿ ಮುಟ್ಟಾಗುತ್ತಾಳೆ ಅನ್ನೋ ನಂಬಿಕೆ. ಆ ದಿನಗಳಲ್ಲಿ ಉಳುವಂತಿಲ್ಲ, ನೆಲ ಅಗೆಯುವಂತಿಲ್ಲ. ಕೊನೆಗೆ ಅಂಗಳದ ನೆಲಕ್ಕೆ ಎಣ್ಣೆ, ಸೀಗೆ, ಅರಿಶಿನ ಇಟ್ಟು ಅವಳನ್ನು ಮೀಯಿಸುತ್ತಾರೆ. ಮಲೆನಾಡಲ್ಲಿ ಭೂಮಿ ಹುಣ್ಣಿಮೆ ಹಬ್ಬದ ಹೊತ್ತಿಗೆ ಗದ್ದೆ ಬಸುರಿ. ಭತ್ತ ಹೊಡೆಗಟ್ಟುವ ಸಮಯ ಅದು. ಬಸುರಿಯ ಬಯಕೆ ತೀರಿಸಬೇಕಲ್ಲ? ರಾತ್ರಿಯೆಲ್ಲ ಅಡುಗೆ ಮಾಡುತ್ತಾರೆ. ಸಾಗರ, ಸೊರಬದ ಕಡೆಯ ದೀವರ ಸಮುದಾಯದವರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅದನ್ನು ಹೊತ್ತು, ಬೆಳಕು ಹರಿಯೋ ಹೊತ್ತಿಗೆ ಗದ್ದೆಗೆ ಹೋಗಿ, ಭೂತಾಯಿಯನ್ನು ಉಣ್ಣಲು ಕರೆದು, ಸೊಪ್ಪುಗಳನ್ನು ಬೇಯಿಸಿ ಮಾಡಿದ ಹಚ್ಚಂಬಲಿ ಬೀರುತ್ತಾರೆ. ಇಲ್ಲಿ ಭೂಮಿಗೆ ಮೈಯಿದೆ, ಹಸಿವಿದೆ, ಸುಸ್ತಿದೆ. ಆ ಮೈಗೆ ಬಿಡುವು ಕೊಡೋದು ಮನುಷ್ಯನ ಜವಾಬ್ದಾರಿ. ಸುಮ್ನೆ ತಾಯಿ ಅಂತ ಕೈ ಮುಗಿದು ಬರೋ ಹಾಗಿಲ್ಲ.

ಕವಿತೆಯೂ ಹೀಗೆ ಮೈಯಿಂದ ಶುರುವಾಗಬೇಕು ಅನ್ನೋದು ನನ್ನ ವಾದ. ಹೊಳೆಯ ಮರಳನ್ನೇ ತಗೊಳ್ಳಿ. ಮಳೆಗಾಲದ ನೀರನ್ನು ಅದು ತನ್ನೊಳಗೆ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಕೈಯಿಂದ ಕೆದಕಿದರೂ ಒರತೆ ಸಿಗುತ್ತದೆ. ಆ ಮರಳನ್ನು ಲಾರಿಗಟ್ಟಲೆ ಎತ್ತಿದರೆ ಹೊಳೆಯ ಪಾತ್ರ ತಗ್ಗುತ್ತದೆ, ಜೊತೆಗೆ ದಡದ ಬಾವಿಗಳ ನೀರೂ ಇಳಿಯುತ್ತದೆ. ಇಷ್ಟನ್ನು ಕಣ್ಣಾರೆ ಕಂಡು ಬರೆದವರು ನದಿಯ ಕೈಲಿ ಕಣ್ಣೀರು ಹಾಕಿಸಬೇಕಾಗಿಲ್ಲ.

ಕಲ್ಲಿನದೂ ಅದೇ ಕತೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಬಗ್ಗಿ ನೋಡಿದರೆ ಕಪ್ಪು ಬಿಳಿ ಪಟ್ಟೆಗಳು ಕಾಣುತ್ತವೆ. ನೆಲದಾಳದಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿದ ಗುರುತು ಅವು. ಅಂಥ ಬಂಡೆಯ ಬಾಯಲ್ಲಿ ನಮ್ಮ ದೂರುಗಳನ್ನು ಹೇಳಿಸೋದು ನನಗೆ ಯಾಕೋ ಸರಿ ಕಾಣೋದಿಲ್ಲ. ಅದರ ಕಾಲ ಬೇರೆ, ನಮ್ಮ ಕಾಲ ಬೇರೆ. ಆ ಅಂತರವೇ ಕವಿತೆಯಲ್ಲಿ ಬರಲಿ.

ಮಲೆನಾಡಿನವರಿಗೆ ಒಂದು ಮಾತು. ಈ ಸಲ ಭೂಮಿ ಹುಣ್ಣಿಮೆಗೆ ಊರಿಗೆ ಹೋದಾಗ ಅಜ್ಜಿಯಂದಿರ ಹಾಡನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹಚ್ಚಂಬಲಿಗೆ ಯಾವ ಯಾವ ಸೊಪ್ಪು ಹಾಕುತ್ತಾರೆ ಅಂತಲೂ ಕೇಳಿ ಬರೆದಿಡಿ.